ತುಂಬೆಯ ಮೈಗೆ ನಾನು ಹಚ್ಚಿದ್ದು

ನೀವು ಇದನ್ನು ಕೈಗೆತ್ತಿಕೊಂಡ ಹೊತ್ತಿಗೆ ನಿಮ್ಮ ಮನೆಯ ನಾಯಿ ನಡುಗುತ್ತಿದ್ದರೆ ಮೊದಲು ಓದುವುದನ್ನು ನಿಲ್ಲಿಸಿ. ಡಾಕ್ಟರ ಹತ್ತಿರ ಓಡಿ. ಏನೇನು ಮಾಡಿದಿರಿ ಎಂಬುದನ್ನು ಒಂದೂ ಬಿಡದೆ ಹೇಳಿ. ನಾಚಿಕೊಳ್ಳಬೇಡಿ, ಬೈದರೆ ಬೈಸಿಕೊಳ್ಳಿ. ಉಳಿದದ್ದನ್ನು ಅಲ್ಲಿಯ ಬೆಂಚಿನ ಮೇಲೆ ಕೂತು ಓದಬಹುದು. ಅಂಥ ಬೆಂಚಿನ ಮೇಲೆ ನಾನೂ ಕೂತಿದ್ದವಳು, ಅದಕ್ಕೇ ಇಷ್ಟು ಅಧಿಕಾರದಿಂದ ಹೇಳುತ್ತಿದ್ದೇನೆ.

ಇದು ಅರವತ್ತರ ದಶಕದ ಶುರುವಿನ ಮಾತು. ಮಿಡಿಗೇಶಿಯ ಪ್ರೈಮರಿ ಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಅಪ್ಪ ಇರಲಿಲ್ಲ. ಬೆಟ್ಟದ ಬುಡದ ಒಂದು ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ತುಂಬೆ ಆ ಮನೆಯ ಜೊತೆಗೇ ಬಂದವಳು. ಹಿಂದೆ ಇದ್ದವರು ಬಿಟ್ಟುಹೋಗಿದ್ದರು, ಅವಳು ಹೊಸ್ತಿಲು ಬಿಟ್ಟು ಕದಲಿರಲಿಲ್ಲ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಒಂದಿಷ್ಟು ಬಿಳಿ. ಅಮ್ಮ ಅದನ್ನು ನೋಡಿಯೇ ತುಂಬೆ ಎಂದು ಕರೆದದ್ದು. ದಿನಾ ನನ್ನನ್ನು ಸ್ಕೂಲಿನವರೆಗೆ ಬಿಟ್ಟು, ಸಂಜೆ ಗಂಟೆ ಹೊಡೆಯುವ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ಒಮ್ಮೆ ತನಿಖೆಗೆ ಬಂದ ಇನ್ಸ್‌ಪೆಕ್ಟರನ್ನು ಗೇಟಿನಲ್ಲೇ ತಡೆದು ನಿಲ್ಲಿಸಿ, ನನ್ನ ಹಾಜರಿ ಪುಸ್ತಕ ಸರಿಮಾಡಿಕೊಳ್ಳಲು ಐದು ನಿಮಿಷ ಒದಗಿಸಿದ್ದಳು. ಆ ಉಪಕಾರವನ್ನು ನಾನು ಮರೆತವಳಲ್ಲ.

ಆ ವರ್ಷ ಮಳೆ ನಿಂತ ಮೇಲೆ ಅವಳಿಗೆ ಉಣುಗು ಹತ್ತಿದವು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ರಕ್ತ ಕುಡಿದು ಹರಳು ಬೀಜದಷ್ಟು ದಪ್ಪವಾಗಿದ್ದವು. ಅಮ್ಮ ಬೇವಿನ ಸೊಪ್ಪು ಕುದಿಸಿ ಎರಡು ಸಲ ಮೈತೊಳೆದಳು. ಉಣುಗು ಹೋಗಲಿಲ್ಲ. ತುಂಬೆಗೆ ಅನ್ನ ಬಿಟ್ಟು ಮೈ ಕೆರೆಯುವುದೇ ಕೆಲಸವಾಯಿತು.

ಅಷ್ಟರಲ್ಲಿ ವೈ.ಎನ್. ಹೊಸಕೋಟೆಯಿಂದ ಸೋದರಮಾವ ಬಂದರು. ಅವರದು ಕಡಲೆಕಾಯಿ ಬೇಸಾಯ. ಕಂಬಳಿ ಹುಳ ಹೊಲಕ್ಕೆ ಬಿದ್ದಾಗ ಎರಚುವ ಬೂದು ಬಣ್ಣದ ಪುಡಿಯೊಂದು ಆಗ ಹೊಸದಾಗಿ ಬಂದಿತ್ತು. ಅದರದೊಂದು ಗಂಟು ಅವರ ಚೀಲದಲ್ಲಿತ್ತು. ನಾಯಿಯನ್ನು ನೋಡಿ ಅವರೇ ಗಂಟು ಬಿಚ್ಚಿದರು.

"ಇದು ಬಿತ್ತು ಅಂದ್ರೆ ಕಂಬಳಿ ಹುಳ ಅಂಗೇ ನಿಗುರ್ಕೊಂಡು ಬೀಳ್ತವೆ ಕಣಮ್ಮಾಯಿ. ಉಣುಗು ಯಾವ ಲೆಕ್ಕ?" ಅಂದರು.

ಅಮ್ಮ ಮೂಗು ಮುಚ್ಚಿಕೊಂಡಳು. "ಹೊಲದ ವಿಷ ಮನೇಲಿರೋ ಜೀವಕ್ಕೆ ಯಾಕಣ್ಣಾ? ಇನ್ನೊಂದ್ ಸಲ ಬೇವಿನ ನೀರು ಹುಯ್ಯಾನ ಬುಡು."

ನಾನು ಓದಿದವಳು. ಅಮ್ಮನ ಮಾತನ್ನು ಕೇಳಿ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ನಮ್ಮ ಕಡೆ ಮೈಗೆ ಹಚ್ಚುವ ಯಾವ ಔಷಧಿಯನ್ನೂ ಯಾರೂ ಒಣದಾಗಿ ಹಚ್ಚುವುದಿಲ್ಲ. ಕಜ್ಜಿಗೆ ಗಂಧಕವಾದರೂ ಅಷ್ಟೆ, ಮಗುವಿನ ಹೊಟ್ಟೆಗೆ ಬಜೆಯಾದರೂ ಅಷ್ಟೆ, ಎಣ್ಣೆಯಲ್ಲಿ ಕಲಸಲೇಬೇಕು. ಅದನ್ನು ಯಾರೂ ಹೇಳಿಕೊಡುವುದೂ ಇಲ್ಲ, ಕೈಯೇ ಎಣ್ಣೆ ಗಿಂಡಿಯ ಕಡೆ ಹೋಗುತ್ತದೆ. ನನ್ನ ಕೈಯೂ ಹೋಯಿತು. ಅಮ್ಮ ಮನೆಯಲ್ಲೇ ಕಾಯಿಸಿದ ಹರಳೆಣ್ಣೆಯಲ್ಲಿ ಎರಡು ಹಿಡಿ ಪುಡಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬರಿಗೈಯಲ್ಲಿ ತುಂಬೆಯ ಮೈತುಂಬ ತಿಕ್ಕಿದೆ. ಕಿವಿಯ ಒಳಗೂ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿ, ತಲೆಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಂತಿದ್ದಳು. ತಿಕ್ಕಿಸಿಕೊಳ್ಳುವುದು ಅವಳಿಗೆ ಸುಖವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಉಣುಗು ಪಟಪಟ ಉದುರಿದವು. ನಾನು ಅವನ್ನು ಪೊರಕೆಯಲ್ಲಿ ಗುಡ್ಡೆ ಮಾಡಿ ಅಮ್ಮನಿಗೆ ತೋರಿಸಿದೆ. ಸೋದರಮಾವ ತಮ್ಮದೇ ಗೆಲುವೆಂಬಂತೆ ಮೀಸೆ ತೀಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು.

ಸಂಜೆ ತುಂಬೆಯ ತುಟಿ ಅದುರತೊಡಗಿತು. ನೊಣ ಕೂತಿರಬೇಕೆಂದು ಕೈ ಬೀಸಿದೆ. ನೊಣ ಇರಲಿಲ್ಲ. ಕಿವಿಯೂ ತಾನೇ ತಾನಾಗಿ ಕುಣಿಯುತ್ತಿತ್ತು. ಪಾತ್ರೆ ಸದ್ದಾದರೆ ಬೆಚ್ಚಿ ಮಾರುದೂರ ಹಾರುತ್ತಿದ್ದಳು. ಎಣ್ಣೆ ತಿಕ್ಕಿಸಿಕೊಂಡು ಚಳಿಯಾಗಿರಬೇಕೆಂದು ಗೋಣಿಚೀಲ ಹೊದಿಸಿದೆ. ನನಗೂ ತಲೆ ಸಿಡಿಯುತ್ತಿತ್ತು, ಬೇಗ ಮಲಗಿದೆ.

ಸೋಮವಾರ ಬೆಳಿಗ್ಗೆ ಅಮ್ಮನ ಕೂಗಿಗೆ ಎದ್ದು ಹೊರಗೆ ಬಂದೆ. ತುಂಬೆ ಅಂಗಳದಲ್ಲಿ ಅಡ್ಡ ಬಿದ್ದಿದ್ದಳು. ನಾಲ್ಕು ಕಾಲೂ ನೆಟ್ಟಗೆ ಸೆಟೆದು ಒದೆಯುತ್ತಿದ್ದವು, ಬಾಯಲ್ಲಿ ನೊರೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ನಿಗುರಿಕೊಂಡು ಬೀಳುತ್ತವೆ ಎಂದ ಸೋದರಮಾವನ ಮಾತು ಕಿವಿಗೆ ಬಂದು ಹೊಡೆಯಿತು. ಸ್ವಲ್ಪ ಹೊತ್ತಿಗೆ ಸೆಳವು ನಿಂತಿತು. ಎದ್ದಳು, ಗೋಡೆಗೆ ಢಿಕ್ಕಿ ಹೊಡೆದಳು, ಮತ್ತೆ ಬಿದ್ದಳು. ನಾನು ಮೈ ಮುಟ್ಟಿದ ಕೂಡಲೇ ಇನ್ನೊಂದು ಸೆಳವು ಬಂತು. ಮುಟ್ಟುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಅಂಗಳದಾಚೆ ಜನ ಸೇರಿದರು. ಯಾರೋ "ಹುಚ್ಚು" ಅಂದರು. ಆ ಒಂದು ಮಾತು ಸಾಕಾಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋದರು. ಅರ್ಧ ಗಂಟೆಯಲ್ಲಿ ಊರ ತಳವಾರ ಹನುಮಪ್ಪ ದೊಣ್ಣೆ ಹಿಡಿದು ಬಂದ. ಕೆಟ್ಟವನಲ್ಲ. ಅವನ ಮಗಳು ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಹುಚ್ಚುನಾಯಿ ಕಚ್ಚಿ ಪಕ್ಕದ ಹಳ್ಳಿಯಲ್ಲಿ ಒಬ್ಬ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಸರ್ಕೊಳಿ ಟೀಚರಮ್ಮ. ಒಂದೇ ಏಟಿಗೆ ಮುಗಿಸ್ಬುಡ್ತೀನಿ. ನೀವು ಒಳೀಕ್ ಹೋಗಿ, ನೋಡ್ಬ್ಯಾಡಿ" ಅಂದ.

ನಾನು ನಾಯಿಗೆ ಅಡ್ಡ ಕೂತೆ. "ಹುಚ್ಚಲ್ಲ ಹನುಮಪ್ಪ, ವಿಷ. ಹುಳದ ಪುಡಿ ಹಚ್ಚಿದ್ದೆ. ನಾನೇ ಹಚ್ಚಿದ್ದು."

ಇಷ್ಟು ಹೇಳುವುದು ಎಷ್ಟು ಕಷ್ಟವಾಯಿತು ಗೊತ್ತೇ? ನನ್ನ ಹತ್ತಿರ ಪಾಠ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಬೇಲಿಯಾಚೆ ನಿಂತು ಕೇಳುತ್ತಿದ್ದರು.

"ಪೌಡ್ರಿಗೆ ಜೊಲ್ಲು ಸುರೀತದಾ? ನೀವು ಓದ್ದೋರು, ಇಂಗೆ ಹೇಳಿದ್ರೆ ಹೆಂಗೆ?" ಅಂದ. ಆದರೂ ದೊಣ್ಣೆ ಕೆಳಗಿಳಿಸಿದ. "ಡಾಕ್ಟ್ರ ಹತ್ರ ಹೋಗಿ ಚೀಟಿ ಬರೆಸ್ಕಂಬನ್ನಿ. ಚೀಟಿ ಇಲ್ದೆ ಇದು ಊರೊಳೀಕೆ ಬರಂಗಿಲ್ಲ. ಬಂದ್ರೆ ನಾನು ಸುಮ್ಕಿರಕಾಗಲ್ಲ."

ಡಾಕ್ಟರು ಇದ್ದದ್ದು ಮಧುಗಿರಿಯ ದನದ ಆಸ್ಪತ್ರೆಯಲ್ಲಿ. ಬಸ್ಸಿನ ಕಂಡಕ್ಟರು ಗೋಣಿಯೊಳಗಿನ ತಲೆ ಕಂಡದ್ದೇ ವಿಸಿಲ್ ಊದಿಬಿಟ್ಟ. ಎತ್ತಿನ ಗಾಡಿಯವನು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಟೀ ಅಂಗಡಿ ಮುಂದೆ ಕಡಲೆಕಾಯಿ ಮೂಟೆಯ ಲಾರಿ ನಿಂತಿತ್ತು. ಅದರ ಡ್ರೈವರು ಸಿರಾದ ಗಫಾರ್ ಸಾಬರು, ಬಿಳಿ ಗಡ್ಡದವರು. ಅಮ್ಮ ಅವರ ಮುಂದೆ ಕೈ ಮುಗಿದು ನಿಂತಳು.

"ಕಚ್ಚಿದೆಯಾ ಯಾರಿಗಾದ್ರೂ?" ಎಂದು ಕೇಳಿದರು.

"ಇಲ್ಲ" ಅಂದೆ.

ಸಾಬರು ಗ್ಲಾಸು ಕೆಳಗಿಟ್ಟು, ಗೋಣಿಯ ಎರಡು ತುದಿ ತಾವು ಹಿಡಿದು ತುಂಬೆಯನ್ನು ಮೂಟೆಗಳ ನಡುವೆ ಎತ್ತಿಟ್ಟರು. ಅವಳ ಜೊಲ್ಲು ಅವರ ತೋಳಿನ ಮೇಲೆಲ್ಲ ಸುರಿಯಿತು. ಅವರ ಮತದಲ್ಲಿ ನಾಯಿಯ ಜೊಲ್ಲು ಎಷ್ಟು ಮೈಲಿಗೆ ಎಂದು ನನಗೆ ಗೊತ್ತಿತ್ತು. ಕ್ಷಮಿಸಿ ಅನ್ನುವುದಕ್ಕೆ ಹೋದೆ.

"ಮಧುಗಿರೀಲಿ ನೀರೈತೆ, ತೊಳ್ಕೊಂತೀನಿ. ನೀವು ಹತ್ತಿ ಬೇಟಿ, ಹೊತ್ತು ಮಾಡ್ಬೇಡಿ" ಅಂದರು.

ಲಾರಿ ಒಂದೊಂದು ಹಳ್ಳಕ್ಕೆ ಬಿದ್ದಾಗಲೂ ತುಂಬೆಗೆ ಸೆಳವು ಬರುತ್ತಿತ್ತು. ಸಾಬರು ಹಳ್ಳ ಕಂಡ ಕಡೆಯೆಲ್ಲ ನಡೆದಷ್ಟು ನಿಧಾನಕ್ಕೆ ಗಾಡಿ ಬಿಟ್ಟರು. ನನ್ನ ತುಟಿ ಜುಮ್ಮೆನ್ನುತ್ತಿತ್ತು, ಬೆರಳುಗಳು ನನ್ನವಲ್ಲ ಅನ್ನಿಸುತ್ತಿದ್ದವು. ಭಯಕ್ಕೆ ಹೀಗಾಗುತ್ತಿದೆ ಅಂದುಕೊಂಡೆ. ಸಾಯಬೇಡ ತುಂಬೆ, ನನ್ನ ಕೈಯಿಂದ ಸಾಯಬೇಡ, ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಸ್ಪತ್ರೆಯ ಜಗುಲಿಯಲ್ಲಿ ಎತ್ತು, ಎಮ್ಮೆ, ಕುರಿ, ಅವುಗಳ ಯಜಮಾನರು. ಡಾಕ್ಟರು ಹಿತ್ತಲಲ್ಲಿ ಕರು ಅಡ್ಡ ಸಿಕ್ಕಿದ ಹಸುವಿಗೆ ಹೆರಿಗೆ ಮಾಡಿಸುತ್ತಿದ್ದರು. ನಾವು ಕಾದೆವು. ಬೆಂಚಿನ ಮೇಲಿದ್ದವರು ಗೋಣಿಯನ್ನು ನೋಡಿ ಒಬ್ಬೊಬ್ಬರಾಗಿ ದೂರ ಸರಿದರು. ಗೂಳಿಯ ಮೂಗುದಾರ ಹಿಡಿದ ಒಬ್ಬ ಅಜ್ಜ ಮಾತ್ರ ಅಲ್ಲೇ ಕೂತಿದ್ದ. "ನಂದೂ ಹಿಂಗೇ ಕಾಯ್ತಾ ಐತೆ ಕಣವ್ವ" ಅಂದ, ಅಷ್ಟೆ. ಅಷ್ಟು ಮಾತಿಗೇ ನನಗೆ ಅಳು ಬಂತು.

ಕೊನೆಗೆ ಡಾಕ್ಟರು ಬಂದರು. ನಡುವಯಸ್ಸಿನವರು, ಸಿಡುಕು ಮುಖ. ಹುಚ್ಚಿನ ಅನುಮಾನ ಎಂದು ಕೇಳಿ ಮೊಣಕೈವರೆಗಿನ ಚರ್ಮದ ಕೈಗವಸು ಹಾಕಿಕೊಂಡು, ಕಾಂಪೌಂಡರ್ ಕೈಲಿ ಮೂತಿಗೆ ಹಗ್ಗ ಬಿಗಿಸಿ ನೋಡಿದರು.

"ನೀರು ಕುಡೀತಾ?"

"ಬೆಳಿಗ್ಗೆ ಕುಡಿದಳು."

"ಏನು ಹಾಕಿದ್ರಿ?"

"ಕಡಲೆಕಾಯಿ ಹೊಲದ ಪುಡಿ."

ಒಂದು ಚಿಟಿಕೆ ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದಿದ್ದೆ. ಅವರು ಮೂಸಿ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಒಳ್ಳೇದಲ್ಲ. ಆದ್ರೂ ಬರೀ ಪುಡಿ ಉದುರಿಸಿದ್ರೆ ಇಷ್ಟು ಆಗಬಾರದಿತ್ತಲ್ಲ. ನೆಕ್ಕಿರಬೇಕು." ನಿದ್ದೆ ಬರಿಸುವ ಸೂಜಿ ಚುಚ್ಚಿ, ಮೈಯನ್ನು ಒಣ ಗೋಣಿಯಿಂದ ಒರೆಸಿಸಿ, ಹುಲ್ಲಿನ ಕೋಣೆಯ ಕತ್ತಲಲ್ಲಿ ಮಲಗಿಸಲು ಹೇಳಿ ಮತ್ತೆ ಹಸುವಿನ ಹತ್ತಿರ ಹೋದರು.

ತುಂಬೆ ಮಲಗಿದಳು. ಮೂತಿಯ ಹಗ್ಗ ಬಿಚ್ಚಿದೆ. ಉಸಿರು ಒಂದೇ ಸಮ ಬಂತು. ಬೆಳಗಿನಿಂದ ಮೊದಲ ಸಲ ನಾನು ಬೆನ್ನನ್ನು ಗೋಡೆಗೆ ಒರಗಿಸಿದೆ. ಅರ್ಧ ಗಂಟೆಯಾದ ಮೇಲೆ ಅವಳು ಕಣ್ಣು ತೆರೆದು ನಾಲಿಗೆ ಹೊರಗೆ ಹಾಕಿದಳು. ಅಮ್ಮ ಹೋಟೆಲಿನಿಂದ ಹಾಲು ತಂದಳು, ಎಲೆಯಲ್ಲಿ ಕಟ್ಟಿಸಿಕೊಂಡು ಬಂದ ಬೆಣ್ಣೆ ಅದಕ್ಕೆ ಹಾಕಿದಳು. ವಿಷ ಇಳಿಯಲು ಹಾಲು ಬೆಣ್ಣೆ, ನಮ್ಮಲ್ಲಿ ಇದು ಯಾರಿಗೆ ಗೊತ್ತಿಲ್ಲ? ತುಂಬೆ ಅಷ್ಟನ್ನೂ ನೆಕ್ಕಿದಳು. ನಮಗೆ ಜೀವ ಬಂದಂತಾಯಿತು. ಆಮೇಲೆ ಅಮ್ಮ ಚೀಲದಿಂದ ಸಣ್ಣ ಸೀಸೆ ತೆಗೆದು, ನೆತ್ತಿ ತಂಪಾಗಲೆಂದು ಅವಳ ತಲೆಗೆ, ಕಿವಿಯ ಹಿಂದೆ, ಬೆನ್ನಿಗೆ ಹರಳೆಣ್ಣೆ ತಟ್ಟಿದಳು. ನಾನೂ ಒಂದು ಕೈ ತಟ್ಟಿದೆ.

ಒಂದು ಗಂಟೆ ಕಳೆದಿರಬೇಕು. ಈ ಸಲ ಬಂದ ಸೆಳವು ಬೆಳಗಿನದಕ್ಕಿಂತ ಘೋರವಾಗಿತ್ತು. ಬೆನ್ನು ಬಿಲ್ಲಿನಂತೆ ಬಾಗಿತು, ನಾಲಿಗೆ ಕಚ್ಚಿಕೊಂಡು ರಕ್ತ ಬಂತು, ಉಸಿರು ನಿಂತು ನಿಂತು ಬರುತ್ತಿತ್ತು. ನಾನು ಕಿರುಚಿದೆ. ಡಾಕ್ಟರು ಕೈಗವಸು ಹಾಕಿಕೊಳ್ಳಲೂ ನಿಲ್ಲದೆ ಓಡಿ ಬಂದರು, ಇನ್ನೊಂದು ಸೂಜಿ ಚುಚ್ಚಲು ಅವಳ ತೊಡೆ ಹಿಡಿದರು. ಕೈ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಬೆರಳುಗಳನ್ನು ಉಜ್ಜಿ ನೋಡಿಕೊಂಡರು.

"ಇದೇನಿದು ಜಿಡ್ಡು?"

"ಹರಳೆಣ್ಣೆ ಸ್ವಾಮಿ. ತಂಪಾಗ್ಲಿ ಅಂತ ತಲೆಗೆ ತಟ್ಟಿದ್ದೆ" ಅಂದಳು ಅಮ್ಮ.

"ತೊಡೆಗೂ ತಟ್ಟಿದ್ರಾ?" ನನ್ನ ಕಡೆ ತಿರುಗಿದರು. "ಆ ಪುಡೀನ ಏನಲ್ಲಿ ಕಲಸಿದ್ರಿ?"

"ಎಣ್ಣೆಯಲ್ಲಿ."

"ಯಾಕಮ್ಮ ಮೊದಲೇ ಹೇಳಲಿಲ್ಲ?"

ನಾನು ಮುಚ್ಚಿಟ್ಟಿರಲಿಲ್ಲ. ಎಣ್ಣೆಯೂ ಹೇಳಬೇಕಾದ ಒಂದು ವಸ್ತು ಎಂದು ನನಗೆ ತೋಚಿರಲೇ ಇಲ್ಲ. ಪಲ್ಯಕ್ಕೆ ಏನು ಹಾಕಿದೆ ಎಂದರೆ ಪಾತ್ರೆಯ ಹೆಸರು ಯಾರು ಹೇಳುತ್ತಾರೆ?

"ಒಣ ಪುಡಿ ಕೂದಲ ಮೇಲೆ ಕೂತಿರುತ್ತೆ. ಎಣ್ಣೆ ಅದನ್ನ ಕೈ ಹಿಡಿದು ಚರ್ಮದೊಳಗೆ ಕರಕೊಂಡು ಹೋಗುತ್ತೆ" ಅಂದರು, ಸೂಜಿ ಚುಚ್ಚುತ್ತಲೇ. "ಕುಡಿಯಕ್ಕೆ ಏನು ಕೊಟ್ರಿ?"

ನಾನೇ ಹೇಳಿದೆ, ಹಾಲು, ಬೆಣ್ಣೆ ಎಂದು. ಡಾಕ್ಟರು ಹಣೆ ಹಿಡಿದುಕೊಂಡರು. ನೆಕ್ಕಿ ಹೊಟ್ಟೆ ಸೇರಿದ ವಿಷವನ್ನೂ ಆ ಬೆಣ್ಣೆ ರಕ್ತಕ್ಕೆ ಸಾಗಿಸುತ್ತದಂತೆ. ಅವರು ಬೈಯಲಿಲ್ಲ. ಕಾಂಪೌಂಡರನ್ನು ಕರೆದು, "ಅಂಟುವಾಳಕಾಯಿ ತಾ. ಎಷ್ಟು ಸಿಕ್ಕಿದ್ರೆ ಅಷ್ಟು" ಅಂದರು.

ಅಂಟುವಾಳದ ನೊರೆಯಲ್ಲಿ ಮೂರು ಸಲ, ಹಸುವಿನ ಕೊಟ್ಟಿಗೆಯ ಸೋಪಿನಲ್ಲಿ ಎರಡು ಸಲ ತುಂಬೆಯನ್ನು ತೊಳೆದೆವು. ನಿದ್ದೆಯಲ್ಲಿದ್ದ ಅವಳ ತಲೆಯನ್ನು ಅಮ್ಮ ನೀರಿನಿಂದ ಮೇಲೆತ್ತಿ ಹಿಡಿದಿದ್ದಳು. ಕೈಗೆ ಜಿಡ್ಡು ಹತ್ತದಂತಾಗುವವರೆಗೂ ತೊಳೆಯಬೇಕು ಎಂದಿದ್ದರು ಡಾಕ್ಟರು. ಮೂರನೆಯ ಸಲ ತೊಳೆಯುವಾಗ ಚೊಂಬು ನನ್ನ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದೆ, ಬೆರಳು ಮಡಚಲಿಲ್ಲ.

"ಕೈ ತೋರಿಸಿ" ಅಂದರು ಡಾಕ್ಟರು. ನನ್ನ ಹತ್ತು ಬೆರಳೂ ಕುಣಿಯುತ್ತಿದ್ದವು. "ಬರಿಗೈಲಿ ತಿಕ್ಕಿದ್ರಾ? ಆಮೇಲೆ ಹೆಂಗೆ ತೊಳ್ಕೊಂಡ್ರಿ?"

"ಬರೀ ನೀರಲ್ಲಿ."

ಅಮ್ಮ ನಾಯಿಯ ತಲೆಯನ್ನು ಕಾಂಪೌಂಡರ್ ತೊಡೆಗೆ ದಾಟಿಸಿ, ನನ್ನ ಎರಡು ಕೈಗಳನ್ನೂ ಎಳೆದುಕೊಂಡು, ತುಂಬೆಯ ಪಕ್ಕದಲ್ಲೇ ಕೂರಿಸಿ, ಅದೇ ಅಂಟುವಾಳದಲ್ಲಿ ಮೊಣಕೈ ತನಕ ತಿಕ್ಕಿದಳು. ಚರ್ಮ ಕಿತ್ತುಬರುವಷ್ಟು ತಿಕ್ಕಿದಳು. ಆಗ ಬಾಯಿಬಿಟ್ಟಳು. "ನಾನು ಬ್ಯಾಡ ಅಂದೆ. ಅಂದೋಳು ನಾನೇ ಆಮೇಲೆ ಎಣ್ಣೆ ಹಚ್ಚಿದೆ. ಇಬ್ರೂ ಸೇರ್ಕಂಡು ಸಾಯಿಸ್ತಿದ್ವಲ್ಲೇ ಅದನ್ನ" ಎಂದು ಅತ್ತಳು. ನಾನೂ ಅತ್ತೆ. ಹಿತ್ತಲ ಕಡೆಯಿಂದ ಆಗಷ್ಟೇ ಹುಟ್ಟಿದ ಕರು ಕೂಗುವುದು ಕೇಳಿಸುತ್ತಿತ್ತು.

ನನ್ನನ್ನು ಮನುಷ್ಯರ ಆಸ್ಪತ್ರೆಗೂ ಕಳಿಸಿದರು. ಅಲ್ಲಿ ಕೊಟ್ಟ ಮಾತ್ರೆ ನುಂಗಿ, ಎರಡು ಸಲ ವಾಂತಿ ಮಾಡಿಕೊಂಡು, ಮತ್ತೆ ಹುಲ್ಲಿನ ಕೋಣೆಗೇ ಬಂದು ಬಿದ್ದುಕೊಂಡೆ. ಎಚ್ಚರವಾದಾಗ ಬೆಳಗಾಗಿತ್ತು. ಮೊದಲು ಕಿವಿಗೊಟ್ಟೆ. ಉಸಿರು ಕೇಳಿಸಿತು. ಅಮ್ಮನದೋ ತುಂಬೆಯದೋ ತಿಳಿಯದೆ ಕಣ್ಣು ಬಿಡಲು ಹೆದರಿದೆ. ಬಿಟ್ಟಾಗ ಅಮ್ಮ ಅಲ್ಲಿರಲಿಲ್ಲ, ಬಾವಿಗೆ ಹೋಗಿದ್ದಳು. ಉಸಿರು ತುಂಬೆಯದೇ.

ಮೂರು ದಿನ ಅಲ್ಲೇ ಇದ್ದೆವು. ಬರೀ ರಾಗಿ ಗಂಜಿ, ಹಾಲು ತುಪ್ಪ ಎಣ್ಣೆ ಯಾವುದೂ ಸೋಕಬಾರದು. ಸಪ್ಪೆ ಗಂಜಿ ಕೊಡುವುದು ಅಮ್ಮನಿಗೆ ಜೀವ ಹಿಂಡಿದಂತಾಗುತ್ತಿತ್ತು. ಹೊರಡುವಾಗ ಡಾಕ್ಟರು ಚೀಟಿ ಬರೆದುಕೊಟ್ಟರು. ಇದು ವಿಷದ ನಡುಕ, ಆದರೂ ಹತ್ತು ದಿನ ಕಟ್ಟಿಹಾಕಿ ನೋಡತಕ್ಕದ್ದು ಎಂದಿತ್ತು. "ಮುಂದೆ ಉಣುಗು ಬಂದ್ರೆ ಕೈಲಿ ಕಿತ್ತು ಸೀಮೆಎಣ್ಣೆಗೆ ಹಾಕಿ. ಓದಿದೋರಿಗೆ ಬೇಜಾರಿನ ಕೆಲಸ, ಆದ್ರೂ ಮಾಡಿ" ಎಂದು ನನ್ನನ್ನೇ ನೋಡಿ ಹೇಳಿದರು.

ಆ ಹತ್ತು ದಿನ ಹನುಮಪ್ಪ ದಿನಾ ಬೆಳಿಗ್ಗೆ ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದ. ತುಂಬೆಯ ತುಟಿ ಅದುರಿದರೆ ಅವನಿಗೆ ಕಾಣದಂತೆ ಅಡ್ಡ ನಿಲ್ಲುತ್ತಿದ್ದೆ. ಹನ್ನೊಂದನೆಯ ದಿನ ಅವನು ದೊಣ್ಣೆಯಿಲ್ಲದೆ ಬಂದ. "ಬುಡಿ ಟೀಚರಮ್ಮ, ಬಿಚ್ಬುಡಿ" ಅಂದ.

ಬಿಚ್ಚಿದೆ. ತುಂಬೆ ಅಮ್ಮನ ಹತ್ತಿರ ಹೋದಳು. ನಾನು ಕರೆದೆ, ಬರಲಿಲ್ಲ. ಕೈ ಚಾಚಿದೆ, ಬಾಲ ಒಳಗೆಳೆದುಕೊಂಡು ಒಲೆಯ ಹಿಂದೆ ಹೋಗಿ ಕೂತಳು. ಅವತ್ತಿನಿಂದ ಹಾಗೇ ಆಯಿತು. ಸ್ಕೂಲಿನ ದಾರಿಗೆ ಜೊತೆ ಬರಲಿಲ್ಲ. ನಾನು ಇಟ್ಟ ಅನ್ನ ನಾನು ಒಳಗೆ ಹೋಗುವವರೆಗೂ ಮುಟ್ಟುತ್ತಿರಲಿಲ್ಲ. ನನ್ನ ಬೆರಳಿನ ನಡುಕ ಎರಡು ತಿಂಗಳಲ್ಲಿ ಹೋಯಿತು, ಅವಳ ಎಡತುಟಿಯ ಅದುರು ಕೊನೆಯವರೆಗೂ ಉಳಿಯಿತು. ಬದುಕಿದಳಲ್ಲ, ಅಷ್ಟು ಸಾಕು ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಸಾಕಾಗಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಆ ಸಿಟ್ಟಿಗೆ ನಾಚಿಕೆಯೂ ಆಗುತ್ತಿತ್ತು.

ಮಾರನೆಯ ವರ್ಷ ಮಳೆ ನಿಂತಾಗ ಮತ್ತೆ ಉಣುಗು ಬಂದವು. ಅಮ್ಮನ ಕಣ್ಣು ಆಗಲೇ ಮಂಜಾಗಿತ್ತು, ಕಿವಿಯೊಳಗಿನ ಸಣ್ಣವು ಅವಳಿಗೆ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ತುಂಬೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅವಳ ಕಣ್ಣು ಮುಚ್ಚಿ, ನನಗೆ ಸನ್ನೆ ಮಾಡಿದಳು. ನಾನು ಉಸಿರು ಬಿಗಿಹಿಡಿದು ಹಿಂದಿನಿಂದ ಬಂದು ಕೂತು, ಒಂದನ್ನು ಕಿತ್ತೆ. ತುಂಬೆ ಮೈ ಬಿಗಿದಳು. ಎದ್ದು ಓಡಲಿಲ್ಲ. ಎರಡನೆಯದನ್ನು ಕಿತ್ತೆ. ಸಂಜೆಯವರೆಗೆ ಒಂದೊಂದಾಗಿ ಕೀಳುತ್ತಲೇ ಇದ್ದೆ, ಅವಳ ಮೈ ನಿಧಾನವಾಗಿ ಸಡಿಲವಾಯಿತು.

"ಸುಮ್ಕಿರು, ಮಾತಾಡ್ಬ್ಯಾಡ. ನಾನೇ ಕೀಳ್ತಿದ್ದೀನಿ ಅಂದ್ಕಂಡೈತೆ" ಎಂದು ಅಮ್ಮ ಪಿಸುಗುಟ್ಟಿದಳು.

ಅಮ್ಮ ಹಾಗೆಂದೇ ಕೊನೆಯವರೆಗೂ ನಂಬಿದ್ದಳು, ನಾನೂ ಎದುರಾಡಲಿಲ್ಲ. ಆದರೆ ಸೆರಗು ಮುಚ್ಚಿದ್ದು ತುಂಬೆಯ ಕಣ್ಣನ್ನು ಮಾತ್ರ, ಮೂಗನ್ನಲ್ಲ.